ಪೊರೆ ಎಂಬ ಪದ, ಪೊರೆಯೆಂಬ ವಸ್ತು

ಕನ್ನಡದಲ್ಲಿ ‘ಪೊರೆ’ ಎಂಬುದು ನಾಮಪದವಾಗಿ ತೆಳುವಾದ ಪದರವನ್ನೂ ಕ್ರಿಯಾಪದವಾಗಿ ಕಾಪಾಡುವುದನ್ನೂ ಸೂಚಿಸುತ್ತದೆ. ಜೀವಕೋಶದ ಆವರಣವನ್ನು ‘ಕೋಶಪೊರೆ’ ಎಂದು ಕರೆಯುವಾಗ ಈ ಎರಡರ್ಥಗಳೂ ಸಲ್ಲುತ್ತವೆ. ಇದನ್ನು ಕೋಶಭಿತ್ತಿಯೊಡನೆ ಬೆರೆಸಬಾರದು. ಭಿತ್ತಿಯು ಸಸ್ಯ, ಶಿಲೀಂಧ್ರ ಮೊದಲಾದವುಗಳಲ್ಲಿ ಪೊರೆಯ ಹೊರಗಿರುವ ಗಡುಸಾದ ಗೋಡೆ. ಪೊರೆಯಾದರೋ ಎಲ್ಲ ಜೀವಕೋಶಗಳಿಗೂ ಉಂಟು.

ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು ಇದರಲ್ಲಿ ಎರಡು ಸಾಲಾಗಿ ನಿಂತಿವೆ. ನೀರನ್ನು ಬಯಸುವ ತಲೆಗಳು ಹೊರಮುಖವಾಗಿವೆ. ನೀರನ್ನೊಲ್ಲದ ಬಾಲಗಳು ನಡುವೆ ಅಡಗಿವೆ. ಈ ಪದರದಲ್ಲಿ ಪ್ರೋಟೀನುಗಳು ತೇಲುವಂತೆ ನೆಲೆಸಿವೆ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮಂಡಿಸಿದ ದ್ರವ ಮೊಸಾಯಿಕ್ ಮಾದರಿಯ ಸಾರವಿದು.

ಆಮ್ಲಜನಕವು ಈ ಪದರವನ್ನು ತಾನಾಗಿಯೇ ದಾಟುತ್ತದೆ. ಸಕ್ಕರೆ, ಲವಣಗಳಿಗೆ ಪ್ರೋಟೀನುಗಳ ಬಾಗಿಲು ಬೇಕು. ಸಣ್ಣ ಕರುಳಿನ ಕೋಶಪೊರೆಯಲ್ಲಿರುವ ಒಂದು ಪ್ರೋಟೀನು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೊಯ್ಯುತ್ತದೆ. ನೀರು ಅವನ್ನು ಹಿಂಬಾಲಿಸುತ್ತದೆ. ಕಾಲರಾ ತಗುಲಿದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಆದುದರಿಂದಲೇ ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿ ರೋಗಿಯನ್ನು ಉಳಿಸಬಹುದು. ಬರಿಯ ಉಪ್ಪುನೀರಿನಿಂದ ಈ ಫಲ ದೊರೆಯದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ವೈದ್ಯ ದಿಲೀಪ್ ಮಹಲನಾಬಿಸ್ ಈ ಚಿಕಿತ್ಸೆಯಿಂದ ಬಹುಜನರ ಪ್ರಾಣ ಉಳಿಸಿದರು.

ವಿಜ್ಞಾನ ಬರಹವನ್ನು ಕನ್ನಡಕ್ಕೆ ತರುವ ವಿದ್ಯಾರ್ಥಿಗಳು ‘ಪೊರೆ’ ಎನ್ನಬೇಕಾದಲ್ಲಿ ‘ಭಿತ್ತಿ’ ಎಂದು ಬರೆದರೆ ಈ ಬಾಗಿಲುಗಳ ಸಂಗತಿಯೇ ಮರೆಯಾಗುತ್ತದೆ.