ಮನೆಯಲ್ಲಿ ಕಟ್ಟಿದ ಮೋಟಾರು ರಸ್ತೆಗಿಳಿಯುವ ಬಗೆ

ಬಿಡಿಭಾಗಗಳನ್ನು ಕೊಂಡು ತಂದು, ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ತಾವೇ ಜೋಡಿಸಿ ಮೋಟಾರು ಗಾಡಿಯನ್ನು ಕಟ್ಟಿಕೊಳ್ಳುವ ಹವ್ಯಾಸ ಬ್ರಿಟನ್ನಿನಲ್ಲಿ ಬಹುಕಾಲದಿಂದ ಉಂಟು. ಇಂಥ ಗಾಡಿಗೆ ಅಲ್ಲಿ ಕಿಟ್ ಕಾರ್ ಎಂದು ಹೆಸರು. ಕಾಲಿನ್ ಚಾಪ್‌ಮನ್ನರ ಲೋಟಸ್ ಸಂಸ್ಥೆ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಈ ಜಾತಿಯಲ್ಲಿ ಬಹಳ ಹೆಸರಾದದ್ದು. ಪೂರ್ತಿ ಕಟ್ಟಿದ ಕಾರಿಗೆ ಆಗ ಖರೀದಿ ತೆರಿಗೆ ಬೀಳುತ್ತಿತ್ತು. ಭಾಗಗಳಾಗಿ ಕೊಂಡರೆ ಅದು ಉಳಿಯುತ್ತಿತ್ತು. 1973ರಲ್ಲಿ ತೆರಿಗೆಯ ಕ್ರಮ ಬದಲಾಗಿ ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಗಾಡಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಬಂತು. ಲಾಭ ಹೋದರೂ ಹವ್ಯಾಸ ಹೋಗಲಿಲ್ಲ. ತನ್ನ ಕೈಯಿಂದ ಒಂದು ಯಂತ್ರವನ್ನು ಮಾಡಿ ಓಡಿಸುವ ಸಂತೋಷ ತೆರಿಗೆಯ ಲೆಕ್ಕಕ್ಕೆ ಸಿಕ್ಕುವಂಥದಲ್ಲ.

ಆದರೆ ಕಟ್ಟಿದ ಮಾತ್ರಕ್ಕೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಕಾರ್ಖಾನೆಯವರು ಒಂದು ಮಾದರಿಯನ್ನು ಪರೀಕ್ಷೆಗೆ ಒಪ್ಪಿಸಿ ಗೆದ್ದರೆ, ಅದೇ ಅಚ್ಚಿನ ಸಾವಿರಾರು ಗಾಡಿಗಳಿಗೆ ಆ ಒಪ್ಪಿಗೆ ಸಲ್ಲುತ್ತದೆ. ಮನೆಯಲ್ಲಿ ಕಟ್ಟಿದ್ದಾದರೋ ತನ್ನಂಥದು ತಾನೊಂದೇ. ಆದ್ದರಿಂದ ಅದನ್ನು ಒಂಟಿಯಾಗಿಯೇ ಪರೀಕ್ಷಿಸಬೇಕು. ಇದಕ್ಕಾಗಿ 1998ರಲ್ಲಿ ಒಂದು ಪದ್ಧತಿ ಜಾರಿಗೆ ಬಂತು. 2009ರಲ್ಲಿ ಅದರ ಬದಲು ಇನ್ನೂ ವಿಸ್ತಾರವಾದ ‘ಇಂಡಿವಿಜುಯಲ್ ವೆಹಿಕಲ್ ಅಪ್ರೂವಲ್’ ಎಂಬುದು ಬಂತು. ಇದನ್ನು ಚುಟುಕಾಗಿ ಐ.ವಿ.ಎ. ಎನ್ನುತ್ತಾರೆ.

ಪರೀಕ್ಷಕನು ನೋಡುವುದೇನು? ಗಾಡಿಯ ಅಂದವನ್ನಲ್ಲ, ವೇಗವನ್ನೂ ಅಲ್ಲ. ಒಳಗೆ ಕೂತವನಿಗೂ ಎದುರಿಗೆ ನಡೆದು ಬರುವ ಅಪರಿಚಿತನಿಗೂ ಅದು ಏನು ಮಾಡೀತು ಎಂಬುದನ್ನು. ಒಂದು ಉದಾಹರಣೆ ನೋಡಿ. 100 ಮಿಲಿಮೀಟರ್ ಅಡ್ಡಳತೆಯ ಒಂದು ಗುಂಡನ್ನು ಗಾಡಿಯ ಹೊರಮೈಗೆ ತಾಗಿಸುತ್ತಾರೆ. ಆ ಗುಂಡು ಮುಟ್ಟಬಲ್ಲ ಗಡುಸಾದ ಅಂಚುಗಳೆಲ್ಲ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಪಾದಚಾರಿಗೆ ಗಾಡಿ ತಗಲಿದರೆ ತಗಡಿನ ಚೂಪು ಅಂಚು ಚಾಕುವಿನಂತೆ ಕೊಯ್ಯಬಾರದೆಂಬುದೇ ಇದರ ಉದ್ದೇಶ. ವರ್ಷಗಟ್ಟಲೆ ದುಡಿದು ಕಟ್ಟಿದ ಗಾಡಿ ಹೊರಗೆ ಚಾಚಿದ ಒಂದು ಬೋಲ್ಟಿನಿಂದ ನಪಾಸಾಗಬಹುದು. ಅದಕ್ಕೇ ಅನುಭವಸ್ಥರು ಬೋಲ್ಟುಗಳಿಗೆ ಟೊಪ್ಪಿಗೆ ಹಾಕಿ, ಅಂಚುಗಳಿಗೆ ರಬ್ಬರ್ ಪಟ್ಟಿ ಕೂರಿಸಿ ಒಯ್ಯುತ್ತಾರೆ.

ಬ್ರೇಕಿನ ಪರೀಕ್ಷೆಯಲ್ಲಿ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಬಿಗಿದು ನಿಲ್ಲಕೂಡದು. ಹಿಂದಿನವು ಮೊದಲು ನಿಂತರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ತಿರುವಿನಲ್ಲಿ ಸ್ಟಿಯರಿಂಗ್ ಚಕ್ರದ ಹಿಡಿತ ಸಡಿಲಿಸಿದರೆ ಅದು ತಾನಾಗಿ ನೇರಕ್ಕೆ ಮರಳಬೇಕು. ವೇಗದ ಮಾಪಕ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಸದ್ದು 99 ಡೆಸಿಬೆಲ್ ಮೀರಬಾರದು. ಇದಲ್ಲದೆ ಸೀಟಿನ ಪಟ್ಟಿ ಬಿಗಿದ ಜಾಗ, ದೀಪಗಳ ಎತ್ತರ, ಕನ್ನಡಿಗಳು, ಹೊಗೆ, ಇಂಧನದ ಟ್ಯಾಂಕು, ಹೀಗೆ ಒಂದೊಂದನ್ನೂ ನೋಡುತ್ತಾರೆ. ಸೋತರೆ ಯಾವ ಯಾವ ಅಂಶದಲ್ಲಿ ಸೋತಿತೆಂದು ಬರೆದು ಕೊಡುತ್ತಾರೆ. ಅವನ್ನು ಸರಿಪಡಿಸಿ ಮತ್ತೆ ತರಬಹುದು.

ಕೈಕೆಲಸದಷ್ಟೇ ಮುಖ್ಯವಾದದ್ದು ಕಾಗದ. ಕಟ್ಟಿದವನು ಅದನ್ನು ವ್ಯಾಪಾರಕ್ಕಲ್ಲ, ಸ್ವಂತ ಉಪಯೋಗಕ್ಕೆ ಕಟ್ಟಿದನೆಂದು ತೋರಿಸಬೇಕು. ಕೆಲಸ ನಡೆದ ಹಂತಹಂತದ ಛಾಯಾಚಿತ್ರಗಳೂ ಭಾಗಗಳನ್ನು ಕೊಂಡ ರಸೀದಿಗಳೂ ಇದ್ದರೆ ಮಾತಿಗೆ ಬೆಲೆ. ಪರೀಕ್ಷೆ ಗೆದ್ದ ಮೇಲೆ ಸ್ವಾನ್ಸಿ ನಗರದ ಕಚೇರಿಯಲ್ಲಿ ನೋಂದಣಿ. ಗಾಡಿಯ ವಯಸ್ಸೂ ಮೂಲವೂ ರುಜುವಾತಾಗದಿದ್ದರೆ ‘ಕ್ಯೂ’ ಅಕ್ಷರದ ಸಂಖ್ಯೆ ಕೊಡುತ್ತಾರೆ. ಆ ಅಕ್ಷರ ಕಂಡೊಡನೆ, ಇದರ ಪೂರ್ವೋತ್ತರ ತಿಳಿಯದೆಂದು ಕೊಳ್ಳುವವನಿಗೆ ಗೊತ್ತಾಗುತ್ತದೆ. ರಸೀದಿ ಜೋಪಾನ ಮಾಡದವನ ಗಾಡಿ ಎಷ್ಟು ಚೆನ್ನಾಗಿದ್ದರೂ ಪೇಟೆಯಲ್ಲಿ ಅದರ ಬೆಲೆ ಇಳಿಯುವುದು ಹೀಗೆ.

ನಮ್ಮ ದೇಶದ ಸಂಗತಿ ಬೇರೆ. ಇಲ್ಲಿ ಗಾಡಿ ತಯಾರಿಸುವವರು ತಮ್ಮ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂಥ ಮಾನ್ಯತೆ ಪಡೆದ ಸಂಸ್ಥೆಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ನೋಂದಣಿಯಾಗದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆ ತಡೆದಿದೆ. ಅದೇ ಕಾಯಿದೆಯ 52ನೆಯ ಕಲಮು ಕೊಂಡ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೂ ಅಡ್ಡ ಬರುತ್ತದೆ. ತಯಾರಕರು ಗೊತ್ತುಮಾಡಿದ ಮೂಲ ಲಕ್ಷಣಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಜಾಣ ಹುಡುಗನೊಬ್ಬ ಗುಜರಿ ಸಾಮಾನಿನಿಂದ ಗಾಡಿ ಕಟ್ಟಿದನೆಂದು ಪತ್ರಿಕೆಯಲ್ಲಿ ಓದಿ ನಾವು ಮೆಚ್ಚುತ್ತೇವೆ. ಆ ಗಾಡಿ ರಸ್ತೆಗೆ ಬರಬೇಕಾದರೆ ಮೆಚ್ಚುಗೆಯೊಂದೇ ಸಾಲದು.

ಕಾರು ಕಟ್ಟುವ ಯೋಚನೆ ನಮ್ಮ ವಾಚಕರಲ್ಲಿ ಹೆಚ್ಚು ಮಂದಿಗೆ ಇರಲಾರದು. ಆದರೆ ಟ್ಯಾಕ್ಸಿ, ರಿಕ್ಷಾ, ಟೆಂಪೋ ಓಡಿಸಿ ಜೀವನ ಮಾಡುವವರು ನಮ್ಮಲ್ಲಿ ಇದ್ದಾರೆ. ಸ್ಕೂಟರಿನಲ್ಲಿ ಕಚೇರಿಗೆ ಹೋಗುವವರಂತೂ ಬಹಳ. ಗಾಡಿಗೆ ಸಿ.ಎನ್.ಜಿ. ಕೂರಿಸುವುದಾದರೆ ಒಪ್ಪಿಗೆ ಪಡೆದ ಕಿಟ್ಟನ್ನೇ ಹಾಕಿಸಿ, ನೋಂದಣಿ ಪತ್ರದಲ್ಲಿ ಅದನ್ನು ದಾಖಲು ಮಾಡಿಸಿರಿ. ಎಂಜಿನು ಬದಲಿಸುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ. ರಸೀದಿಯನ್ನು ಎಸೆಯಬೇಡಿ. ದಾಖಲೆಯಿಲ್ಲದ ಮಾರ್ಪಾಟಿನಿಂದ ಅಪಘಾತದ ದಿನ ವಿಮೆಯವರು ತಕರಾರು ತೆಗೆಯುವ ಸಂಭವವುಂಟು. ಗಾಡಿಯ ಸಾಲ ತೀರಿಸುತ್ತಿರುವ ಸಂಸಾರಕ್ಕೆ ಅದು ಸಣ್ಣ ಪೆಟ್ಟಲ್ಲ.