ಕನ್ನಡಿಯ ಮುಖ, ಮೊಬೈಲ್‌ನ ಮುಖ

ಸ್ವಂತ ಫೋಟೋ ತೆಗೆದು, ಅದನ್ನು ತಿದ್ದಿ ತೀಡಿ ಸಾಮಾಜಿಕ ಜಾಲತಾಣಕ್ಕೆ ಹಾಕುವುದು ಇಂದು ಮಕ್ಕಳಿಗೆ ಮಾತ್ರವಲ್ಲ, ಹಿರಿಯರಿಗೂ ರೂಢಿಯಾಗಿದೆ. ಇದರ ಬಗ್ಗೆ ನಾವು ಸಾಕಷ್ಟು ಉಪದೇಶ ಮಾಡುತ್ತೇವೆ. ಉಪದೇಶ ಕಿವಿಗೆ ಬೀಳುತ್ತದೆ, ಕೈ ಮಾತ್ರ ಮತ್ತೆ ಮೊಬೈಲ್‌ಗೇ ಹೋಗುತ್ತದೆ. ಇದೇ ವಿಷಯವನ್ನು ಕೆಲವು ಕಲಾವಿದರು ಬೇರೆ ದಾರಿಯಲ್ಲಿ ಹೇಳಿದ್ದಾರೆ. ಅವರು ಬೋಧಿಸುವುದಿಲ್ಲ, ಜನರ ಕೈಗೇ ಕೆಲಸ ಕೊಡುತ್ತಾರೆ. ಜನರು ಪಾಲ್ಗೊಂಡರೆ ಮಾತ್ರ ಪೂರ್ಣವಾಗುವ ಇಂತಹ ಕೃತಿಗಳಿಂದ ನಮ್ಮ ಶಿಕ್ಷಕರೂ ಯುವಕರೂ ಕಲಿಯಬೇಕಾದದ್ದು ಬಹಳವಿದೆ.

ಮೊದಲನೆಯದು ಬ್ರಿಟನ್ನಿನ ಛಾಯಾಗ್ರಾಹಕ ರ‍್ಯಾಂಕಿನ್ 2019ರಲ್ಲಿ ಮಾಡಿದ 'ಸೆಲ್ಫಿ ಹಾರ್ಮ್'. ಅವರು 15 ಮಂದಿ ಹದಿಹರೆಯದವರ ಫೋಟೋ ತೆಗೆದರು. ಬಳಿಕ ಆ ಫೋಟೋಗಳನ್ನು ಅವರ ಕೈಗೇ ಕೊಟ್ಟು, 'ಜಾಲತಾಣಕ್ಕೆ ಹಾಕಬಹುದು ಎಂದು ನಿಮಗೆ ಅನಿಸುವವರೆಗೆ ತಿದ್ದಿ' ಎಂದರು. ಕಣ್ಣು ದೊಡ್ಡದಾಯಿತು, ಮೂಗು ಸಣ್ಣದಾಯಿತು, ಚರ್ಮ ನುಣುಪಾಯಿತು. ಮೂಲ ಫೋಟೋ ಮತ್ತು ತಿದ್ದಿದ ಫೋಟೋ ಎರಡನ್ನೂ ರ‍್ಯಾಂಕಿನ್ ಅಕ್ಕಪಕ್ಕ ಇಟ್ಟರು. ಆಶ್ಚರ್ಯವೆಂದರೆ, ಅವರಲ್ಲಿ ಹೆಚ್ಚಿನವರು ತಮಗೆ ಮೂಲ ಫೋಟೋವೇ ಇಷ್ಟ ಎಂದರು. ಹಾಗಾದರೆ ತಿದ್ದಿದ್ದು ಯಾರಿಗಾಗಿ? ಈ ಪ್ರಶ್ನೆಯನ್ನು ಕಲಾವಿದರು ಕೇಳಲೇ ಇಲ್ಲ. ಎರಡು ಚಿತ್ರಗಳೇ ಕೇಳಿದವು.

ಎರಡನೆಯದು ಬೆಲ್ಜಿಯಂನ ಕಲಾವಿದ ಡ್ರೀಸ್ ಡೆಪೋರ್ಟರ್ ಅವರ 'ಕ್ವಿಕ್ ಫಿಕ್ಸ್'. ಇದು ಗೋಡೆಗೆ ತೂಗುಹಾಕಿದ ಒಂದು ಯಂತ್ರ. ನಾಣ್ಯ ಹಾಕಿ, ನಿಮ್ಮ ಖಾತೆಯ ಹೆಸರು ಒತ್ತಿದರೆ ಲೈಕ್‌ಗಳೋ ಫಾಲೋವರ್‌ಗಳೋ ಬಂದು ಸೇರುತ್ತವೆ. ಅವೆಲ್ಲ ನಕಲಿ ಖಾತೆಗಳು. ಜನ ಮೆಚ್ಚಲಿ ಎಂದು ಮಾಡುವ ತೋರಿಕೆಯನ್ನು ನಾವು ರಿಯಾ ಎನ್ನುತ್ತೇವೆ. ಇಲ್ಲಿ ಮೆಚ್ಚುವ ಜನರೇ ಇಲ್ಲ, ಬರೀ ಸಂಖ್ಯೆ ಇದೆ! ಆದರೂ ಸಂಖ್ಯೆ ಏರಿದಾಗ ಮನಸ್ಸು ಹಿಗ್ಗುತ್ತದೆಯೇ ಎಂಬುದನ್ನು ನಾಣ್ಯ ಹಾಕಿದವರೇ ತಮ್ಮೊಳಗೆ ಕಂಡುಕೊಳ್ಳಬೇಕು.

ಮೂರನೆಯದರಲ್ಲಿ ಎಚ್ಚರಿಕೆಯೂ ಇದೆ. ಅರ್ಜೆಂಟೀನಾದಲ್ಲಿ ಹುಟ್ಟಿದ ಅಮಾಲಿಯಾ ಉಲ್ಮನ್ 2014ರಲ್ಲಿ ಕೆಲವು ತಿಂಗಳ ಕಾಲ ಇನ್‌ಸ್ಟಾಗ್ರಾಂನಲ್ಲಿ ಒಂದು ಕಲ್ಪಿತ ಬದುಕನ್ನು ತೋರಿಸಿದರು. ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಂತೆಯೂ ನಟಿಸಿದರು. ಸಾವಿರಾರು ಜನ ಅದನ್ನು ನಿಜವೆಂದು ನಂಬಿದರು. ಕೊನೆಗೆ ಅದೆಲ್ಲ ಮೊದಲೇ ಬರೆದಿಟ್ಟುಕೊಂಡ ಕಥೆ ಎಂದು ಗೊತ್ತಾಯಿತು. 2016ರಲ್ಲಿ ಈ ಕೃತಿ ಲಂಡನ್ನಿನ ಟೇಟ್ ಮಾಡರ್ನ್‌ನ ಪ್ರದರ್ಶನದಲ್ಲೂ ಸ್ಥಾನ ಪಡೆಯಿತು. ಜಾಲತಾಣದ ಬದುಕನ್ನು ಎಷ್ಟು ಸುಲಭವಾಗಿ ಕಟ್ಟಬಹುದು ಎಂಬುದನ್ನು ಅದು ತೋರಿಸಿತು. ಆದರೆ ಅದರಲ್ಲಿ ಪಾಲ್ಗೊಂಡವರಿಗೆ ತಾವು ಪಾಲ್ಗೊಂಡಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಮಕ್ಕಳೊಡನೆ ಕೆಲಸ ಮಾಡುವವರು ಈ ದಾರಿ ಹಿಡಿಯಬಾರದು.

ಶಾಲೆಯಲ್ಲೋ ಯುವಕರ ಸಂಘದಲ್ಲೋ ಇಂತಹ ಪ್ರಯೋಗ ಮಾಡಬಯಸುವವರು ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು.

ಒಂದು, ಏನು ನಡೆಯಲಿದೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು.

ಎರಡು, ತಿದ್ದುವ ಕೈ ಪಾಲ್ಗೊಳ್ಳುವವರದ್ದೇ ಆಗಿರಲಿ. ಬೇರೆಯವರು ತಿದ್ದಿದರೆ ಅದು ಗೇಲಿಯಾಗುತ್ತದೆ.

ಮೂರು, ಫೋಟೋ ಬೇಡ ಎನ್ನುವ ಹೆಣ್ಣುಮಕ್ಕಳನ್ನು ಒತ್ತಾಯಿಸಬೇಡಿ. ಒಂದು ಹಾಳೆಯಲ್ಲಿ 'ನಾನು ಹೇಗಿದ್ದೇನೆ' ಎಂದೂ ಇನ್ನೊಂದರಲ್ಲಿ 'ಜನರಿಗೆ ಹೇಗೆ ಕಾಣಬೇಕು' ಎಂದೂ ಬರೆಯಲಿ. ಪರಿಣಾಮ ಅಷ್ಟೇ ಆಳವಾಗಿರುತ್ತದೆ.

ನಾಲ್ಕು, ಎರಡನ್ನೂ ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಆ ಮೌನದಲ್ಲೇ ಅವರು ಯೋಚಿಸುತ್ತಾರೆ. ಬಳಿಕ, 'ಯಾವುದು ನಿನಗಿಷ್ಟ?' ಎಂದಷ್ಟೇ ಕೇಳಿ.

ಐದು, ಯಾವುದು ಚೆಂದ ಎಂದು ಮತ ಹಾಕಿಸಬೇಡಿ, ಬಹುಮಾನ ಕೊಡಬೇಡಿ. ಕೊಟ್ಟರೆ ನಾವೇ ಇನ್ನೊಂದು ಲೈಕ್ ಯಂತ್ರ ಕಟ್ಟಿದಂತಾಗುತ್ತದೆ. ಕೆಲಸ ಮುಗಿದ ಮೇಲೆ ಫೋಟೋಗಳನ್ನು ಅವರ ಕಣ್ಣೆದುರೇ ಅಳಿಸಿಬಿಡಿ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಒಂದು ಮೊಬೈಲ್, ಎರಡು ಹಾಳೆ, ಸ್ವಲ್ಪ ತಾಳ್ಮೆ ಸಾಕು. ಆದರೆ ಇಲ್ಲಿರುವ ಪ್ರಶ್ನೆ ಸಣ್ಣದಲ್ಲ. ಮುಖ ತಿದ್ದುವ ಆ್ಯಪ್ 'ನೀನು ಯಾರಾಗಬೇಕು?' ಎಂದು ಕೇಳುವುದಿಲ್ಲ. ಎಲ್ಲರ ಮುಂದೆಯೂ ಅದೇ ದೊಡ್ಡ ಕಣ್ಣು, ಅದೇ ಸಣ್ಣ ಮೂಗು, ಅದೇ ಬಿಳಿ ಬಣ್ಣ ಇಡುತ್ತದೆ. ದಿನವೂ ಅದನ್ನೇ ನೋಡುವ ಮಗು, ಅಜ್ಜಿಯಿಂದ ಬಂದ ಮೂಗನ್ನೂ ಅಪ್ಪನಿಂದ ಬಂದ ಬಣ್ಣವನ್ನೂ ದೋಷವೆಂದು ಎಣಿಸತೊಡಗಿದರೆ ಆ ನಷ್ಟವನ್ನು ಯಾವ ಲೈಕ್ ತುಂಬಿಕೊಟ್ಟೀತು?

ತಂದೆತಾಯಂದಿರೇ, ಮಕ್ಕಳ ಮೊಬೈಲ್ ಕಸಿದುಕೊಳ್ಳುವ ಮೊದಲು ಒಮ್ಮೆ ಅವರ ಪಕ್ಕದಲ್ಲಿ ಕುಳಿತು ಎರಡು ಫೋಟೋಗಳನ್ನು ಒಟ್ಟಿಗೆ ನೋಡಿರಿ. ತಿದ್ದದ ಫೋಟೋವೇ ನಿಮಗೆ ಹೆಚ್ಚು ಪ್ರಿಯ ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಆ ಮಾತು ಅವರಿಗೆ ಮೊದಲು ಮನೆಯಿಂದಲೇ ಸಿಗಬೇಕು.