ಗಲ್ಲಾ ಗಣಕಯಂತ್ರದ ಮರೆವು

ಕಲ್ಕತ್ತೆಯ ಉತ್ತರದ ಬಾರಾನಗರವನ್ನು ನಮ್ಮವರಲ್ಲಿ ಬಲ್ಲವರು ಕಡಿಮೆ. ಮಹಲನಾಬಿಸರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಇರುವುದು ಅಲ್ಲಿಯೇ. ದೇಶದ ಮೊದಲ ಡಿಜಿಟಲ್ ಗಣಕಯಂತ್ರವೆಂದು ಹೆಸರಾದ ಎಚ್‌ಇಸಿ-2ಎಂ ಇಂಗ್ಲೆಂಡಿನಿಂದ ಬಂದು ಕೆಲಸಕ್ಕೆ ತೊಡಗಿದುದೂ ಆ ಸಂಸ್ಥೆಯಲ್ಲಿಯೇ, 1956ರಲ್ಲಿ. ಅದರ ಸ್ಮರಣೆಯು ತಿರುಗುವ ಡ್ರಮ್ಮೊಂದರ ಮೇಲಿನ 1024 ಪದಗಳಷ್ಟೆ. ಆದರೆ ಅವು ಕಾಂತದ ಗುರುತುಗಳಾದುದರಿಂದ ವಿದ್ಯುತ್ತು ಹೋದರೂ ಅಳಿಯುತ್ತಿರಲಿಲ್ಲ.

ನಮ್ಮ ಹೋಟೆಲುಗಳ ಗಲ್ಲಾದ ಮೇಲೆ ಕುಳಿತಿರುವ ಹಳೆಯ ಗಣಕಯಂತ್ರಕ್ಕೆ ಆ ಭಾಗ್ಯವಿಲ್ಲ. ದಿನಾಂಕ, ವೇಳೆ, ಯಾವ ಡಿಸ್ಕಿನಿಂದ ಎಚ್ಚರಗೊಳ್ಳಬೇಕೆಂಬ ವಿವರ, ಇವನ್ನೆಲ್ಲ ಅದು ಸಿಮಾಸ್ ಎಂಬ ಪುಟ್ಟ ಸ್ಮರಣೆಯಲ್ಲಿ ಇಟ್ಟುಕೊಳ್ಳುತ್ತದೆ. ಐಬಿಎಂ ಕಂಪೆನಿಯು 1984ರ ತನ್ನ ಎಟಿ ಯಂತ್ರದಲ್ಲಿ ಈ ಏರ್ಪಾಡನ್ನು ತಂದಿತು. ಅದಕ್ಕೆ ಈಗ ಸಾಮಾನ್ಯವಾಗಿ ಕಾವಲಿರುವುದು ನಾಣ್ಯದಾಕಾರದ, 3 ವೋಲ್ಟಿನ ಸಿಆರ್2032 ಬ್ಯಾಟರಿ. ಅದು ಕ್ಷೀಣಿಸಿದರೆ ಬೆಳಿಗ್ಗೆ ಪರದೆಯ ಮೇಲೆ 'ಚೆಕ್‌ಸಮ್ ಎರರ್' ಎಂಬ ಒಕ್ಕಣೆ ಕಾಣುವುದು. ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಸರಿದಿರುವುದು. ರಾತ್ರಿ ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕುವ ಹೋಟೆಲುಗಳಲ್ಲಿ ಈ ಬಾಧೆ ಬೇಗ ತಲೆದೋರುತ್ತದೆ. ಏಕೆಂದರೆ ಮೇನ್ ಇರುವವರೆಗೆ ಆ ಸ್ಮರಣೆಯು ಬ್ಯಾಟರಿಯನ್ನು ಆಶ್ರಯಿಸಬೇಕಾಗಿಲ್ಲ.

ಬಿಲ್ಲಿನ ಮೇಲೆ ಹಳೆಯ ತಾರೀಖು ಬಿದ್ದರೆ ಮೊದಲು ಸಂಶಯಕ್ಕೆ ಗುರಿಯಾಗುವವನು ಗುಮಾಸ್ತನೇ. ಹೋಟೆಲು ನಡೆಸಿದವನಾಗಿ ಯಜಮಾನರಲ್ಲಿ ನನ್ನ ಬಿನ್ನಹವಿಷ್ಟೆ: ಆತನನ್ನು ಗದರಿಸುವ ಮೊದಲು ಬ್ಯಾಟರಿಯನ್ನು ನೋಡಿರಿ. ಅದರ ಬೆಲೆ ಒಂದು ದೋಸೆ, ಕಾಫಿಗಿಂತ ಬಹಳ ಹೆಚ್ಚಿನದಲ್ಲ. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಹಳೆಯದು ಇದ್ದ ಮಗ್ಗುಲಿಗೇ ಹೊಸದನ್ನು ಕೂರಿಸಬೇಕು. ಬಳಿಕ ಯಂತ್ರ ಏಳುವಾಗ ಡಿಲೀಟ್ ಅಥವಾ ಎಫ್2 ಗುಂಡಿಯನ್ನೊತ್ತಿ ಸೆಟಪ್ಪಿಗೆ ಹೋಗಿ ತಾರೀಖನ್ನು ತಿದ್ದಬೇಕು.

ನಿಜವಾದ ಅಪಾಯವಿರುವುದು ಇದರ ಮುಂದೆ. ಡಿಸ್ಕಿನ ಕ್ರಮವು ಎಎಚ್‌ಸಿಐ ಎಂದಿದ್ದುದು ಐಡಿಇ ಎಂದು ಬದಲಾಗಿದ್ದರೆ ವಿಂಡೋಸ್ ಏಳದೆ ನೀಲಿ ಪರದೆ ತೋರಿಸಬಹುದು. ಡಿಸ್ಕು ನೆಟ್ಟಗೇ ಇರುತ್ತದೆ. ರಿಪೇರಿಯವನು 'ಫಾರ್ಮ್ಯಾಟ್ ಮಾಡಬೇಕು' ಎನ್ನುತ್ತಾನೆ. ಒಪ್ಪಿದಿರೋ, ವರ್ಷಗಳ ಜಮಾ-ಖರ್ಚು ಒಂದು ಗಂಟೆಯಲ್ಲಿ ಮಾಯ! ಮೊದಲು ಆ ಒಂದು ಪದವನ್ನು ಹಿಂದಿನಂತೆ ತಿರುಗಿಸಿ ನೋಡಲು ಹೇಳಿರಿ. ಯಂತ್ರದಲ್ಲಿ ಪೆನ್ ಡ್ರೈವ್ ಮರೆತಿದ್ದರೆ ಅದನ್ನೂ ಕೀಳಿರಿ. ಕೆಲವೊಮ್ಮೆ ಅದರಿಂದಲೇ ಏಳಲು ಹೋಗಿ ಯಂತ್ರ ನಿಂತುಬಿಡುತ್ತದೆ.

ಇಂದು ನೆಟ್ಟಗಿರುವ ಯಂತ್ರವುಳ್ಳವರು ಸೆಟಪ್ಪಿನ ಪ್ರತಿಯೊಂದು ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿರಲಿ. ಹೊರಬರುವಾಗ ಏನನ್ನೂ ಉಳಿಸದೆ ಬರಬೇಕು.